ವಾಸ್ತುಶಾಸ್ತ್ರದ ಮನೆಯೂ ಕೋಡಿಯ ಮನೆಯೂ

ಮನುಷ್ಯನ ವಸತಿಯನ್ನು ಕುರಿತು ಶಾಸ್ತ್ರಗ್ರಂಥಗಳು ವಿಧಿರೂಪವಾಗಿ ಹೇಳುತ್ತವೆ. ಅದೇ ವಸತಿಯಲ್ಲಿ ಹುಟ್ಟಿ, ದುಡಿದು, ಅಳಿದ ಜನರ ಬಾಳನ್ನು ಕಾದಂಬರಿಯು ಕಥಾರೂಪವಾಗಿ ತೋರಿಸುತ್ತದೆ. ಇವೆರಡನ್ನೂ ಎದುರುಬದುರಾಗಿ ಇರಿಸಿ ಪರಿಶೀಲಿಸಲು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿಯು ಒಳ್ಳೆಯ ಅವಕಾಶವನ್ನೊದಗಿಸುತ್ತದೆ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ತಮ್ಮ ‘ಮರಳಿ ಮಣ್ಣಿಗೆ’ಯ ಕಥೆಯನ್ನು ನೆರೆಯ ಕೋಡಿಯಲ್ಲಿ ನಿಲ್ಲಿಸಿದ್ದಾರೆ. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಕಡಲು, ನಡುವೆ ಮರಳುನೆಲ. ಆ ನೆಲದಲ್ಲಿ ಮೂರು ತಲೆಮಾರುಗಳ ಒಂದು ಮನೆ. ಆ ಮನೆಯನ್ನು ವಾಸ್ತುಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಏನು ತಿಳಿಯುತ್ತದೆ, ಆ ಮನೆಯ ದೃಷ್ಟಿಯಿಂದ ಶಾಸ್ತ್ರವನ್ನು ನೋಡಿದರೆ ಏನು ತಿಳಿಯುತ್ತದೆ ಎಂಬುದು ವಿಚಾರಾರ್ಹವಾದ ವಿಷಯ.

‘ವೈದಿಕ ವಾಸ್ತು’ ಎಂಬ ಮಾತಿನ ವ್ಯಾಪ್ತಿಯನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಋಗ್ವೇದದ 7ನೆಯ ಮಂಡಲದ 54ನೆಯ ಸೂಕ್ತವು ವಾಸ್ತೋಷ್ಪತಿಯ ಪ್ರಾರ್ಥನೆ. ಅಥರ್ವವೇದದಲ್ಲಿ 3ನೆಯ ಕಾಂಡದ 12ನೆಯ ಸೂಕ್ತವೂ 9ನೆಯ ಕಾಂಡದ 3ನೆಯ ಸೂಕ್ತವೂ ಶಾಲೆಯನ್ನು, ಎಂದರೆ ಮನೆಯನ್ನು, ಸ್ತುತಿಸುತ್ತವೆ. ಅದು ಕಂಬ, ತೊಲೆ, ಹಗ್ಗದ ಕಟ್ಟು, ಹುಲ್ಲುಹೊದಿಕೆಗಳ ಮನೆ. ಆಶ್ವಲಾಯನ ಗೃಹ್ಯಸೂತ್ರದ 2ನೆಯ ಅಧ್ಯಾಯದಲ್ಲಿ ನೆಲದ ಪರೀಕ್ಷೆಯ ವಿಧಿಯಿದೆ. ಆದರೆ 81 ಪದಗಳ ಮಂಡಲ, ಈಶಾನ್ಯಕ್ಕೆ ತಲೆಯಿಟ್ಟ ವಾಸ್ತುಪುರುಷ, ಮೂಲೆಮೂಲೆಗೂ ನಿಯತವಾದ ಕೋಣೆ, ಇವು ವೇದಸೂಕ್ತಗಳಲ್ಲಿಲ್ಲ. ಇವು ಮತ್ಸ್ಯಪುರಾಣ, 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ, ಮಯಮತ, ಮಾನಸಾರ ಮೊದಲಾದ ಅನಂತರದ ಗ್ರಂಥಗಳಲ್ಲಿ ವಿಸ್ತಾರಗೊಂಡವು. ಶಿಲ್ಪಗ್ರಂಥಗಳನ್ನು ಆಧುನಿಕ ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಮೊದಲಿಗರು ಬೆಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ರಾಮರಾಜರು. ಅವರ ಪ್ರಬಂಧವು 1834ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪಂಡಿತರಿಗೆ ಬಿಡಿಸಲಾಗದ ಪರಿಭಾಷೆಗಳನ್ನು ಅವರು ಕಸುಬಿನ ಶಿಲ್ಪಿಯಿಂದ ಅರಿತುಕೊಂಡರು. ಶಾಸ್ತ್ರದ ಅರ್ಥವು ಗ್ರಂಥದಲ್ಲಿ ಮಾತ್ರವೇ ಇಲ್ಲ, ಕಟ್ಟುವವನ ಕೈಯಲ್ಲಿಯೂ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಶಾಸ್ತ್ರದ ಕ್ರಮವನ್ನು ನೋಡಬಹುದು. ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯವು ನೆಲವನ್ನು ಪರೀಕ್ಷಿಸುವುದಕ್ಕೆ ಒಂದು ಮೊಳ ಆಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನು ಅದರಲ್ಲಿಯೇ ತುಂಬಲು ಹೇಳುತ್ತದೆ. ಮಣ್ಣು ಉಳಿದರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ಅಧಮ. ನೆಲದ ಇಳಿಜಾರಿನಲ್ಲಿ ಬ್ರಾಹ್ಮಣನಿಗೆ ಉತ್ತರ, ಕ್ಷತ್ರಿಯನಿಗೆ ಪೂರ್ವ, ವೈಶ್ಯನಿಗೆ ದಕ್ಷಿಣ, ಶೂದ್ರನಿಗೆ ಪಶ್ಚಿಮ ಎಂಬ ವಿಭಾಗವಿದೆ. ಈ ಕರಾವಳಿಯಲ್ಲಾದರೋ ಘಟ್ಟದ ಬುಡದ ಕೊಲ್ಲೂರಿನಿಂದ ಕಡಲ ದಡದ ಮರವಂತೆಯವರೆಗೆ ನೆಲವು ಒಟ್ಟಿನಲ್ಲಿ ಪಡುವಣಕ್ಕೇ ಇಳಿಯುತ್ತದೆ. ಪಡುಕೋಣೆ, ಪಡುಕರೆ ಎಂಬ ಊರ ಹೆಸರುಗಳಲ್ಲಿಯೂ ಆ ದಿಕ್ಕು ನಿಂತಿದೆ. ಮೇಲಿನ ವಿಭಾಗವನ್ನು ಅಕ್ಷರಶಃ ಹಿಡಿದರೆ ಇಲ್ಲಿಯ ಬಹುಭಾಗವು ಮೂರು ವರ್ಣದವರ ವಾಸಕ್ಕೆ ಯೋಗ್ಯವಲ್ಲವೆಂದಾಗುತ್ತದೆ. ಆದರೆ ಬ್ರಾಹ್ಮಣನು ಎಲ್ಲೆಡೆಯೂ ವಾಸಿಸಬಹುದೆಂದು ಗ್ರಂಥಕಾರನೇ ಸಡಿಲಿಸುತ್ತಾನೆ. ಯಾವ ನೆಲದಲ್ಲಿ ಯಾರ ಮನಸ್ಸು ನಲಿಯುವುದೋ ಅದು ಅವರಿಗೆ ಶುಭವೆಂದೂ ಒಪ್ಪುತ್ತಾನೆ. ಶಾಸ್ತ್ರವನ್ನು ಕಠಿನಗೊಳಿಸಿದವರು ಶಾಸ್ತ್ರಕಾರರಿಗಿಂತ ಹೆಚ್ಚಾಗಿ ಅದನ್ನು ತುಣುಕುತುಣುಕಾಗಿ ಉದಾಹರಿಸುವವರೆಂದು ಇದರಿಂದ ತಿಳಿಯಬರುತ್ತದೆ.

ಕೋಣೆಗಳ ವಿಷಯವೂ ಹೀಗೆಯೇ ಇದೆ. ಈಶಾನ್ಯದಲ್ಲಿ ದೇವರ ಮನೆ, ಆಗ್ನೇಯದಲ್ಲಿ ಅಡಿಗೆ, ನೈರುತ್ಯದಲ್ಲಿ ಪಾತ್ರೆಪದಾರ್ಥಗಳ ಉಗ್ರಾಣ, ವಾಯವ್ಯದಲ್ಲಿ ಧನಧಾನ್ಯಗಳು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ, ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ನೈರುತ್ಯದ ಗಾಳಿಯೊಡನೆ ಸುರಿಯುವುದು. ಆ ಗಾಳಿ ಬಡಿಯುವ ಮೂಲೆಯಲ್ಲಿ ಒಲೆಯಿರದೆ ಉಗ್ರಾಣವಿರುವುದು ಅನುಕೂಲವೇ. ಆದರೆ ಕಡಲ ಕಡೆಯ ತೇವಕ್ಕೆ ಮೈಯೊಡ್ಡುವ ವಾಯವ್ಯದಲ್ಲಿ ಅಕ್ಕಿಮುಡಿಯನ್ನಿಡುವುದು ಅಷ್ಟು ಅನುಕೂಲವಲ್ಲ. ಒಂದು ವಿಧಿ ಈ ಊರಿಗೆ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಅವಂತಿಯ ವರಾಹಮಿಹಿರನು ಕಡಲತಡಿಯ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಿಲ್ಲವಾದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಳೆಗೆ ಉತ್ತರವನ್ನು ಇಲ್ಲಿಯ ಬಡಗಿಯೂ ಕಲ್ಲುಕೆಲಸದವನೂ ಕೊಟ್ಟರು. ಮುರಕಲ್ಲಿನ ಗೋಡೆ, ನೀರು ನಿಲ್ಲದಂತೆ ಕಡಿದಾದ ಮಾಡು, ಗೋಡೆಯನ್ನು ಮೀರಿ ಕೆಳಕ್ಕೆ ಬಾಗಿದ ಅದರ ಅಂಚು, ಅದರಡಿಯಲ್ಲಿ ಜಗಲಿ, ಹೆಬ್ಬಾಗಿಲು, ಒಳಗೆ ಬೆಳಕಿಗಾಗಿ ಬಯಲಾದ ನಡು ಅಂಗಳ. ಶಾಸ್ತ್ರದ ಚತುಶ್ಶಾಲೆಗೂ ಚೌಕಿಮನೆಗೂ ಸಂಬಂಧವಿದೆಯೆಂಬುದು ಸ್ಪಷ್ಟ. ಆದರೆ ಆ ಮಾಡಿನ ಓರೆಯನ್ನು ನಿರ್ಣಯಿಸಿದುದು ಮಳೆ.

ಈ ಹಿನ್ನೆಲೆಯಲ್ಲಿ ‘ಮರಳಿ ಮಣ್ಣಿಗೆ’ಯನ್ನು ಓದಿದಾಗ ಕಾರಂತರ ದೃಷ್ಟಿಯ ವೈಶಿಷ್ಟ್ಯವು ಕಾಣುತ್ತದೆ. ರಾಮ ಐತಾಳರು ವೈದಿಕವೃತ್ತಿಯವರು; ಶಾಸ್ತ್ರವು ಅವರ ಜೀವನೋಪಾಯ. ಆದರೂ ಅವರ ಮನೆಯನ್ನು ನಿಲ್ಲಿಸಿದುದು ಶಾಸ್ತ್ರವಲ್ಲ, ಹೆಂಡತಿ ಪಾರೋತಿ ಮತ್ತು ವಿಧವೆಯಾದ ತಂಗಿ ಸರಸೋತಿಯರ ದುಡಿಮೆ. ಗದ್ದೆಯ ಕೆಲಸ, ನೀರು ಹೊರುವುದು, ಸೌದೆ ಕೂಡಿಸುವುದು, ದನಕರು, ಎಲ್ಲವೂ ಅವರ ಪಾಲು. ಒಲೆ ಯಾವ ಮೂಲೆಯಲ್ಲಿರಬೇಕೆಂದು ಶಾಸ್ತ್ರವು ಹೇಳುತ್ತದೆ. ಆ ಒಲೆಗೆ ಸೌದೆ ಎಲ್ಲಿಂದ ಬಂದಿತು, ಯಾರು ತಂದರು ಎಂಬುದನ್ನು ಕಾದಂಬರಿಯು ಹೇಳುತ್ತದೆ. ಮನೆಯ ಸಾಮರಸ್ಯವು ದಿಕ್ಕುಗಳ ಸಾಮರಸ್ಯ ಮಾತ್ರವಾಗಿದ್ದರೆ ಪಾರೋತಿಯ ಮೌನಕ್ಕೆ ಅದರಲ್ಲಿ ಎಡೆಯೇ ಇರುತ್ತಿರಲಿಲ್ಲ.

ಮನೆಯು ಮರ್ಯಾದೆಯ ಗುರುತಾಗುವ ಬಗೆಯನ್ನೂ ಈ ಕೃತಿ ಬಲ್ಲದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನಾರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿನವಾದವು. ಹೆಂಚು ಬಂದಂತೆ ನೆರೆಹೊರೆಯ ಪೈಪೋಟಿಯೂ ಬಂದಿತು. ಕಾದಂಬರಿಯಲ್ಲಿ ಐತಾಳರು ಬೆಳೆಸಿದ ಆಸ್ತಿಯನ್ನು ಮಗ ಲಚ್ಚ ಹಾಳುಮಾಡುತ್ತಾನೆ. ಆ ನಾಶಕ್ಕೆ ಕಾರಂತರು ಯಾವ ವಾಸ್ತುದೋಷವನ್ನೂ ಕಾರಣವಾಗಿ ಕಾಣಿಸುವುದಿಲ್ಲ. ಕಾರಣವು ಮಗನ ನಡತೆಯಲ್ಲಿ, ಅವನನ್ನು ಬೆಳೆಸಿದ ಮೋಹದಲ್ಲಿ ಇದೆ. ಮೊಮ್ಮಗ ರಾಮನು ಪಟ್ಟಣಗಳನ್ನು ಸುತ್ತಿ ಕೋಡಿಗೆ ಮರಳುವುದು ನೆಲದ ಲಕ್ಷಣವನ್ನು ಪರೀಕ್ಷಿಸಿ ಅಲ್ಲ. ಯಾರ ಮನಸ್ಸು ಎಲ್ಲಿ ನಲಿಯುವುದೋ ಅದೇ ಶುಭವೆಂಬ ವರಾಹಮಿಹಿರನ ಮಾತಿಗೆ ಇಷ್ಟು ಸಮೀಪವಾದ ಕಥೆ, ಆ ಮಾತನ್ನು ಎತ್ತದೆಯೇ ರಚಿತವಾಗಿರುವುದು ಗಮನಾರ್ಹ.

ಒಂದು ಕೊರತೆಯನ್ನೂ ಹೇಳಬೇಕು. ಬೃಹತ್ಸಂಹಿತೆಯು ಬ್ರಾಹ್ಮಣನ ಮನೆಗೆ 32 ಮೊಳ ಅಗಲದಿಂದ ತೊಡಗಿ ವರ್ಣಕ್ರಮದಲ್ಲಿ ಅಳತೆಯನ್ನು ಕುಗ್ಗಿಸುತ್ತ 16 ಮೊಳಕ್ಕಿಳಿಸಿ, ಅತಿಹೀನರಿಗೆ ಅದಕ್ಕಿಂತಲೂ ಕಡಿಮೆಯೆನ್ನುತ್ತದೆ. ‘ಮರಳಿ ಮಣ್ಣಿಗೆ’ಯ ಕೇಂದ್ರವೂ ಬ್ರಾಹ್ಮಣರ ಮನೆಯೇ. ಅಳತೆಯ ಹೊರಗೆ ಉಳಿದವರ ಗುಡಿಸಲನ್ನು ಕಾಣಬೇಕಾದರೆ ಕಾರಂತರದೇ ‘ಚೋಮನ ದುಡಿ’ಗೆ (1933) ಹೋಗಬೇಕು. ಅಲ್ಲಿಯ ಪ್ರಶ್ನೆ ಮನೆಯ ಮುಖ ಯಾವ ದಿಕ್ಕಿಗೆ ಎಂಬುದಲ್ಲ. ಉಳಲು ತನ್ನದೆಂಬ ನೆಲವುಂಟೆ ಎಂಬುದು.

ಇಂದು ಈ ಮೂರು ತಾಲೂಕುಗಳಲ್ಲಿಯೂ ಹಳೆಯ ಹೆಂಚಿನ ಮನೆಗಳು ಕಳಚಿ ಕಾಂಕ್ರೀಟಿನ ಚಪ್ಪಟೆ ಮಾಡುಗಳು ಏಳುತ್ತಿವೆ. ಈಶಾನ್ಯ ಆಗ್ನೇಯಗಳನ್ನು ಜಾಗರೂಕತೆಯಿಂದ ವಿಚಾರಿಸುವವರು ಮಳೆಯ ನೀರು ಎಲ್ಲಿಗೆ ಹೋಗುವುದೆಂದು ವಿಚಾರಿಸದೆ, ಕೊನೆಗೆ ಚಪ್ಪಟೆ ಮಾಡಿನ ಮೇಲೆ ತಗಡಿನ ಓರೆಮಾಡನ್ನು ಹಾಕಿಸಬೇಕಾಗುತ್ತದೆ. ದಿಕ್ಕನ್ನು ಉಳಿಸಿಕೊಂಡು ನೆಲವನ್ನು ಮರೆತ ವಾಸ್ತುವಿಗೆ ಶಾಸ್ತ್ರದ ಸಮ್ಮತಿಯೂ ಪೂರ್ಣವಾಗಿ ದೊರೆಯಲಾರದು. ನೆಲದ ಪರೀಕ್ಷೆಯನ್ನು ಗೃಹ್ಯಸೂತ್ರದಿಂದ ಮೊದಲುಗೊಂಡು ಎಲ್ಲ ಗ್ರಂಥಗಳೂ ವಿಧಿಸುತ್ತವೆ. ‘ಮರಳಿ ಮಣ್ಣಿಗೆ’ಯನ್ನು ಪಾಠ ಹೇಳುವ ಅಧ್ಯಾಪಕರು ಬೃಹತ್ಸಂಹಿತೆಯ ಆ ಅಧ್ಯಾಯವನ್ನು ಜೊತೆಗಿರಿಸಿಕೊಂಡರೆ ಎರಡು ಕೃತಿಗಳೂ ಒಂದರ ಮೇಲೊಂದು ಬೆಳಕು ಚೆಲ್ಲುವುವು.