ಹೊಲಕ್ಕೆ ಯಾವ ಚೂರಿ?

ಆನ್‌ಲೈನಿನಲ್ಲಿ ತರಿಸುವ 'ಸರ್ವೈವಲ್' ಚೂರಿ ನೋಡಲು ಭರ್ಜರಿ: ಬೆನ್ನಿಗೆ ಗರಗಸದ ಹಲ್ಲು, ಪೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ತುದಿಗೆ ದಿಕ್ಸೂಚಿ. ಜೇವರ್ಗಿಯ ಎರೆಹೊಲದ ಬದುವಿನ ಮೇಲೆ ನಿಂತವನಿಗೆ ದಿಕ್ಕು ತಿಳಿಯಲು ಹೊತ್ತು ನೋಡಿದರೆ ಸಾಕು. ಬೇಕಾದದ್ದು ಬಳ್ಳಾರಿ ಜಾಲಿಯ ಟೊಂಗೆ ಸವರಲು, ಹಗ್ಗ ಕೊಯ್ಯಲು, ಚಪ್ಪಲಿಗೆ ನೆಟ್ಟ ಮುಳ್ಳು ತೆಗೆಯಲು, ಬುತ್ತಿಗೆ ಉಳ್ಳಾಗಡ್ಡಿ ಹೆಚ್ಚಲು ಆಗುವ ಒಂದೇ ಅಲಗು. ಪೊಳ್ಳು ಹಿಡಿಯದು ಇಲ್ಲೇ ಸೋಲುತ್ತದೆ. ಅಲಗಿನ ಬಾಲ ಒಳಗೆ ಹೋಗಿರುವುದೇ ತುಸು. ಜಾಲಿಗೆ ನಾಲ್ಕು ಪೆಟ್ಟು ಹಾಕಿದರೆ ಬುಡ ಅಲುಗಾಡುತ್ತದೆ.

ಊರಿನ ಸಾಮಾನಿಗೂ ಮಿತಿಯಿದೆ. ಆಳಂದದ ತೊಗರಿ ಕೊಯ್ಲಿಗೆ ಕುಡಗೋಲು ಹೇಳಿ ಮಾಡಿಸಿದ್ದು, ಉಳ್ಳಾಗಡ್ಡಿಗಲ್ಲ. ಅಫಜಲಪುರದ ಭೀಮಾ ದಂಡೆಯಲ್ಲಿ ಕಬ್ಬು ಕಡಿಯುವ ಕೊಯ್ತಾ ಕಟ್ಟಿಗೆಗೂ ಆದೀತು. ನಾಜೂಕು ಕೆಲಸಕ್ಕೆ ಭಾರ.

ನನ್ನ ಮತ ಲಾರಿಯ ಹಳೆ ಕಮಾನು ಪಟ್ಟಿಯಿಂದ ಕಂಬಾರ ಬಡಿದು ಕೊಟ್ಟ, ನಾಲ್ಕೈದು ಇಂಚಿನ ನೆಟ್ಟನೆಯ ಚೂರಿಗೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6. ಕಟ್ಟಡದ ಸರಳಿನಲ್ಲಿ ಅದರ ಅರ್ಧದಷ್ಟೇ. ಸರಳಿನ ಚೂರಿ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ. ಮಿಕ್ಕದ್ದೆಲ್ಲ ಹದದ ಮಾತು. ಕೆಂಪಗೆ ಕಾದ ಅಲಗಿನ ಬಾಯನ್ನಷ್ಟೇ ನೀರಿಗೆ ಅದ್ದಿ, ಕಲ್ಲಿಗೆ ಉಜ್ಜಿ ಬೆಳ್ಳಗಾಗಿಸಿ, ಬೆನ್ನಿನ ಕಾವು ಬಾಯಿಗೆ ಇಳಿಯುವುದನ್ನು ಕಂಬಾರ ಕಾಯುತ್ತಾನೆ. ಒಣಹುಲ್ಲಿನ ಬಣ್ಣ ಬಂದೊಡನೆ ಮತ್ತೆ ಅದ್ದಬೇಕು. ನೀಲಿಗೆ ಬಿಟ್ಟರೆ ಬಾಯಿ ಮೆತ್ತಗೆ. ಬಣ್ಣ ಬರುವ ಮೊದಲೇ ಆರಿಸಿಬಿಟ್ಟರೆ ಬಳೆಯಂತೆ ಚಟ್ಟನೆ ಒಡೆಯುತ್ತದೆ. ಸುಗ್ಗಿಯ ಗಡಿಬಿಡಿಯಲ್ಲಿ ಮಾಡಿದ ಚೂರಿ ಕೈಕೊಡುವುದು ಈ ಕಾರಣಕ್ಕೇ. ಕೊಳ್ಳುವಾಗ ಬಾಯಿಗೆ ಅರ ಎಳೆದು ನೋಡಿ. ಸಲೀಸಾಗಿ ಕಚ್ಚಿದರೆ ಬೇಡ. ಬಾಲ ಹಿಡಿಯ ತುದಿವರೆಗೂ ಹೋಗಿ, ಎರಡು ಕಡೆ ರಿವೆಟ್ ಬಿದ್ದಿರಲಿ.

ಸ್ಟೇನ್‌ಲೆಸ್ ಸ್ಟೀಲಿಗೆ ಸುಲಭಕ್ಕೆ ತುಕ್ಕು ಬಾರದು, ಹುಳಿ ತಗಲಿದರೂ ಕಪ್ಪಾಗದು. ಅಡುಗೆಮನೆಗೆ ಅದೇ ಮೇಲು. ಕಮಾನು ಪಟ್ಟಿಯದಕ್ಕೆ ಎಣ್ಣೆ ಸವರದಿದ್ದರೆ ಒಂದೇ ಮಳೆಗೆ ಕೆಂಪಾಗುತ್ತದೆ. ಆದರೆ ಬಾವಿಕಟ್ಟೆಯ ಕಲ್ಲಿಗೆ ಮಸೆದೇ ಹರಿತ ಮಾಡಿಕೊಳ್ಳಬಹುದು. ಹೊಲದವನಿಗೆ ಇದು ದೊಡ್ಡ ಅನುಕೂಲ.

ಇನ್ನು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ನಿಮ್ಮದು ಚಿಕ್ಕದೇ ಇರಬಹುದು. ಆದರೂ ಗಾಣಗಾಪುರದ ಜಾತ್ರೆಗೋ ಆಳಂದದ ಉರುಸಿಗೋ ಹೊರಟಾಗ ಅದನ್ನು ಮನೆಯಲ್ಲೇ ಇಟ್ಟು ಹೋಗಿ.