ಇಬ್ಬರು ಚಾರುದತ್ತರು: ಒಂದು ಮೂಕಿ ಚಿತ್ರದ ನೆಪದಲ್ಲಿ

ಪ್ರೇಮದ ಸೋಗಿನಲ್ಲಿ ಪರರನ್ನು ಮರುಳುಗೊಳಿಸುವವರ ಕಥೆ ಮೂಕಿ ಚಿತ್ರಗಳಿಗೆ ಪ್ರಿಯವಾದ ವಸ್ತುವಾಗಿತ್ತು. ಅಮೆರಿಕದಲ್ಲಿ ೧೯೨೬ರಲ್ಲಿ ಜಾನ್ ಬ್ಯಾರಿಮೋರ್ ಅಭಿನಯದ ‘ಡಾನ್ ಜುವಾನ್’ ತೆರೆಗೆ ಬಂದಿತು. ಅದರಲ್ಲಿ ಸಂಗೀತವಿತ್ತು, ಮಾತಿರಲಿಲ್ಲ. ಕನ್ನಡಿಗರಿಗೆ ಸಮೀಪವಾದ ನಿದರ್ಶನ ಮೋಹನ್ ಭಾವನಾನಿ ನಿರ್ದೇಶಿಸಿದ, ೧೯೩೧ರ ‘ವಸಂತಸೇನಾ’. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ಈ ಮೂಕಿಯಲ್ಲಿ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ. ಪಿ. ಕೈಲಾಸಂ ಅಭಿನಯಿಸಿದರು.

ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ನಾಟಕ ಮಂಡಲಿಯಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಫಾಲ್ಕೆಯವರ ೧೯೧೩ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವನೂ ಪುರುಷನೇ. ನಟಿಯನ್ನು ಸಮಾಜವು ವಸಂತಸೇನೆಯನ್ನು ಕಂಡಂತೆಯೇ ಕಾಣುತ್ತಿದ್ದ ಕಾಲದಲ್ಲಿ ಸುಶಿಕ್ಷಿತ ಮಹಿಳೆಯರು ಈ ಚಿತ್ರಕ್ಕೆ ಮುಖಗೊಟ್ಟುದು ಸಾಮಾನ್ಯ ಧೈರ್ಯವಲ್ಲ.

ಆದರೆ ಚಿತ್ರಕ್ಕೆ ಆಕರವಾದ ನಾಟಕದ ನೀತಿಯನ್ನು ಶ್ರಾವಕನು ವಿವೇಚಿಸಿ ನೋಡಬೇಕು. ಶೂದ್ರಕನು ಕಾಮದ ಕೇಡನ್ನೆಲ್ಲ ರಾಜನ ಮೈದುನನಾದ ಶಕಾರನ ಮೇಲೆ ಹೊರಿಸುತ್ತಾನೆ. ಒಲಿಯದ ಹೆಣ್ಣನ್ನು ಬೆನ್ನಟ್ಟಿ, ಕೊನೆಗೆ ಕೊರಳು ಹಿಸುಕುವ ಶಕಾರನ ಮುಂದೆ ಚಾರುದತ್ತನು ನಿಷ್ಕಳಂಕನಾಗಿ ತೋರುತ್ತಾನೆ. ವಸಂತಸೇನೆ ನಂಬಿ ಇರಿಸಿದ ಆಭರಣಗಳು ಕಳವಾದಾಗ ಚಾರುದತ್ತನ ಮಡದಿ ಧೂತೆ ತನ್ನ ರತ್ನಹಾರವನ್ನು ಕೊಡುತ್ತಾಳೆ. ಒಡವೆಗಳನ್ನು ಜೂಜಿನಲ್ಲಿ ಸೋತೆನೆಂಬ ಸುಳ್ಳಿನೊಡನೆ ಆ ಹಾರ ಗಣಿಕೆಯ ಮನೆ ಸೇರುತ್ತದೆ. ಧೂತೆಯ ದುಃಖವನ್ನು ಪ್ರೇಮಕಥೆ ಹೆಚ್ಚಾಗಿ ಗಮನಿಸುವುದಿಲ್ಲ.

ಇದೇ ಹೆಸರಿನ ನಾಯಕನ ಕಥೆ ಜೈನ ಪುರಾಣದಲ್ಲಿಯೂ ಇದೆ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಕ್ರಿ.ಶ. ೭೮೩ರಲ್ಲಿ ‘ಹರಿವಂಶಪುರಾಣ’ವನ್ನು ಮುಗಿಸಿದರು. ಆ ಸಂಘಕ್ಕೆ ಹೆಸರಿತ್ತ ಪುನ್ನಾಟವು ಮೈಸೂರಿಗೆ ದೂರವಲ್ಲದ ಕಪಿಲಾ ತೀರದ ನಾಡು. ಅವರ ಚಾರುದತ್ತನು ಚಂಪಾನಗರದ ವಣಿಕಪುತ್ರ. ಶಾಸ್ತ್ರವ್ಯಾಸಂಗದಲ್ಲಿ ಮುಳುಗಿ ಮಡದಿ ಮಿತ್ರವತಿಯನ್ನು ಮರೆತವನು. ಮಗನಿಗೆ ಭೋಗದ ರುಚಿ ಹತ್ತಲೆಂದು ತಾಯಿಯೇ ಪ್ರೇರಿಸುತ್ತಾಳೆ. ಚಿಕ್ಕಪ್ಪ ರುದ್ರದತ್ತನು ಅವನನ್ನು ಗಣಿಕೆಯ ಮನೆಗೆ ಕರೆದೊಯ್ಯುತ್ತಾನೆ. ಹನ್ನೆರಡು ವರ್ಷಗಳಲ್ಲಿ ಮನೆಯ ಐಶ್ವರ್ಯವೆಲ್ಲ ಕರಗುತ್ತದೆ. ಮಿತ್ರವತಿಯ ಒಡವೆಗಳೂ ಬಂದುವೆಂದರೆ ಮುಂದೆ ಬರಲು ಏನೂ ಉಳಿದಿಲ್ಲವೆಂದು ತಿಳಿದ ವಸಂತಸೇನೆಯ ತಾಯಿ ಕಲಿಂಗಸೇನೆ ಅವನನ್ನು ಹೊರದೂಡಿಸುತ್ತಾಳೆ.

ನಾಟಕದಲ್ಲಿ ಮಡದಿಯ ಒಡವೆ ಗಂಡನ ಮಾನವನ್ನು ಕಾಯುತ್ತದೆ. ಪುರಾಣದಲ್ಲಿ ಅದೇ ಅವನ ಪತನದ ಲೆಕ್ಕಪತ್ರವಾಗುತ್ತದೆ. ಇಲ್ಲಿ ಶಕಾರನಂಥ ಖಳನಿಲ್ಲ. ಮರುಳುಗೊಳಿಸುವ ಕೆಲಸ ಮನೆಯವರ ಒಳ್ಳೆಯ ಉದ್ದೇಶದಿಂದಲೇ ಮೊದಲಾಗುತ್ತದೆ. ಆಚಾರ್ಯರು ವಸಂತಸೇನೆಯನ್ನು ಹಳಿದು ಕೈಬಿಡುವುದೂ ಇಲ್ಲ. ಅವಳು ತಾಯಿಯ ಮನೆಯನ್ನು ತೊರೆದು, ಅಣುವ್ರತಗಳನ್ನು ಸ್ವೀಕರಿಸಿ, ಚಾರುದತ್ತನ ತಾಯಿಯ ಸೇವೆಯಲ್ಲಿ ನಿಲ್ಲುತ್ತಾಳೆ. ದೇಶಾಂತರದಲ್ಲಿ ಕಷ್ಟಪಟ್ಟು ಮರಳಿದ ಚಾರುದತ್ತನು ಅವಳನ್ನು ಸ್ವೀಕರಿಸುತ್ತಾನೆ. ಇನ್ನೂ ಒಂದು ವಿಶೇಷವುಂಟು. ಚಾರುದತ್ತನು ತನ್ನ ಈ ಕಥೆಯನ್ನು ಹೇಳುವುದು ವಸುದೇವನಿಗೆ; ಪುರಸ್ತ್ರೀಯರನ್ನೆಲ್ಲ ರೂಪಮಾತ್ರದಿಂದ ಮೈಮರೆಸಿದ ಮೋಹನನಿಗೆ.

ಸಪ್ತವ್ಯಸನಗಳನ್ನು ಬೋಧಿಸುವಾಗ ವೇಶ್ಯಾವ್ಯಸನಕ್ಕೆ ಚಾರುದತ್ತನನ್ನು ದೃಷ್ಟಾಂತವಾಗಿ ಕೊಡುವುದು ರೂಢಿ. ಬೋಧೆಯು ಅವನ ಧನನಾಶದೊಡನೆ ಮುಗಿದರೆ, ಹೆಣ್ಣು ಕೆಡಿಸಿದಳೆಂಬ ಭಾವವಷ್ಟೇ ಮಕ್ಕಳಲ್ಲಿ ಉಳಿಯುತ್ತದೆ. ಕಥೆಯ ಆದಿಯಲ್ಲಿ ಹಿರಿಯರ ಹೊಣೆಯೂ ಅಂತ್ಯದಲ್ಲಿ ಗಣಿಕೆಯ ವ್ರತವೂ ಇರುವುದನ್ನು ಮಂದಿರದ ಪಾಠಶಾಲೆಗಳು ಬಿಡದೆ ಹೇಳಬೇಕು. ಮಕ್ಕಳ ಕಣ್ಣಿಗೆ ಯಾವ ಚಿತ್ರ ಬೀಳಬಾರದೆಂದು ಚಿಂತಿಸುವ ಹಿರಿಯರು, ಅವರಿಗೆ ಭೋಗದ ರುಚಿಯನ್ನು ಮೊದಲು ಹತ್ತಿಸುತ್ತಿರುವವರು ಯಾರೆಂಬುದನ್ನೂ ಮನೆಯಲ್ಲಿ ಕೇಳಿಕೊಳ್ಳುವುದು ಉಚಿತ.