ಎಲೆ ಗೋಡೆಯ ಮೇಲೆ, ಆಟ ಎಲ್ಲಿ?

ಗಂಜೀಫಾವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಗೋಡೆಯ ಮೇಲೆ. ಗಾಜಿನ ಚೌಕಟ್ಟಿನೊಳಗೆ ದುಂಡನೆಯ ಎಲೆಗಳು, ಒಂದೊಂದರಲ್ಲೂ ಒಂದು ದೇವತೆ, ಕೂದಲೆಳೆಯಂಥ ಗೆರೆ. ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಈ ಕಲೆಗೆ ಮರುಜೀವ ಕೊಟ್ಟ ರಘುಪತಿ ಭಟ್ಟರು ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ಅದಕ್ಕೊಂದು ಸಂಶೋಧನಾ ಕೇಂದ್ರವನ್ನೇ ಕಟ್ಟಿದರು. ಅವರ ದುಡಿಮೆ ಇಲ್ಲದಿದ್ದರೆ ಈ ಹೆಸರೂ ಉಳಿಯುತ್ತಿರಲಿಲ್ಲವೇನೋ. ಆದರೆ ಗಂಜೀಫಾ ಮೂಲತಃ ಚಿತ್ರವಲ್ಲ, ಮೂವರು ಕುಳಿತು ಆಡುವ ಆಟ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರುಗಳನ್ನು ಜಾಲಾಡಿದರೂ ಅದನ್ನು ಆಡಬಲ್ಲ ಮೂವರು ಸಿಗುವುದು ಕಷ್ಟ. ನಾವು ಉಳಿಸಿಕೊಂಡದ್ದು ಏನನ್ನು?

ಈ ಆಟ ಪರ್ಷಿಯಾದ ಕಡೆಯಿಂದ ಬಂದದ್ದು. 1527ರಲ್ಲಿ ಸಿಂಧ್‌ನ ಶಾಹ್ ಹಸನ್‌ನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅಕ್ಬರನ ಆಸ್ಥಾನದ 12 ಬಣ್ಣಗಳ, 144 ಎಲೆಗಳ ಆಟವನ್ನು ಅಬುಲ್ ಫಝಲ್ ವಿವರಿಸಿದ್ದಾನೆ. ಹೆಚ್ಚು ಬಳಕೆಗೆ ಬಂದದ್ದು ಎಂಟು ಬಣ್ಣದ ಆಟ: ತಾಜ್, ಶಂಶೇರ್, ಗುಲಾಮ್, ಸುರ್ಖ್, ಸಫೇದ್ ಮೊದಲಾದವು, ಒಟ್ಟು 96 ಎಲೆ. ಬಣ್ಣಕ್ಕೊಬ್ಬ ಮೀರ್, ಒಬ್ಬ ವಜೀರ್, ಹತ್ತು ಅಂಕಿ ಎಲೆ. ಇದೇ ಆಟ ದಶಾವತಾರ ಗಂಜೀಫಾ ಆದಾಗ ಬಣ್ಣಗಳು ಹತ್ತಾದವು, ಎಲೆಗಳು 120 ಆದವು, ಮೀರ್‌ನ ಪೀಠದಲ್ಲಿ ಅವತಾರ ಕುಳಿತಿತು. ನಿಯಮದ ಹಂದರ ಮಾತ್ರ ಹಾಗೆಯೇ ಉಳಿಯಿತು. ಮೊಘಲ್ ಆಟದಲ್ಲಿ ಹಗಲಾದರೆ ಸುರ್ಖ್ ಬಣ್ಣದ ಮೀರ್ ಹಿಡಿದವರದು ಮೊದಲ ಎಲೆ, ರಾತ್ರಿಯಾದರೆ ಸಫೇದ್ ಮೀರ್ ಹಿಡಿದವರದು. ಸುರ್ಖ್ ಸೂರ್ಯ, ಸಫೇದ್ ಚಂದ್ರ. ದಶಾವತಾರದಲ್ಲಿ ಹಗಲಿಗೆ ರಾಮ, ರಾತ್ರಿಗೆ ಕೃಷ್ಣ.

ನನ್ನ ತಕರಾರು ಇರುವುದು ಇಲ್ಲಿಯೇ. ಗೋಡೆಯ ಮೇಲಿನ ಎಲೆಯಲ್ಲಿ ರಾಮನೂ ಕೃಷ್ಣನೂ ಕಾಣುತ್ತಾರೆ. ಅವರ ಹಿಂದೆ ನಿಂತ ಸುರ್ಖ್, ಸಫೇದ್ ಕಾಣುವುದಿಲ್ಲ. ಎರಡು ಸಮುದಾಯಗಳು ಒಂದೇ ಚಾಪೆಯ ಮೇಲೆ ಕುಳಿತದ್ದರ ಗುರುತು ಬಣ್ಣದಲ್ಲಿಲ್ಲ, ನಿಯಮದಲ್ಲಿದೆ. ನಿಯಮವನ್ನು ಬಿಟ್ಟು ಚಿತ್ರವನ್ನಷ್ಟೇ ಉಳಿಸಿದರೆ ಅರ್ಧ ಚರಿತ್ರೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಯಾರೂ ಬೇಕೆಂದು ಅಳಿಸಬೇಕಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ಆಟಗಳದು ಇನ್ನೂ ವಿಚಿತ್ರ ಕಥೆ. ಟಿಪ್ಪು ಹುತಾತ್ಮರಾದ 1799ರಲ್ಲೇ ಪಟ್ಟಕ್ಕೆ ಬಂದ ಈ ಬಾಲಕ, ಬೆಳೆದು ದೊರೆಯಾಗಿ 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯಿತು. ಆಟಗಳೆಂದರೆ ಅವರಿಗೆ ಅಪಾರ ಆಸಕ್ತಿ. ಅವರು ರೂಪಿಸಿದ ಗಂಜೀಫಾಗಳಲ್ಲಿ ಬಣ್ಣಗಳು 18ರವರೆಗೆ, ಎಲೆಗಳು 360ರವರೆಗೆ ಏರಿದವು. ಬಣ್ಣವೊಂದಕ್ಕೆ 12 ಅಂಕಿ ಎಲೆ, ಆರು ಆಸ್ಥಾನದ ಎಲೆ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ರುಡಾಲ್ಫ್ ವಾನ್ ಲೇಡನ್ ಎಂಬ ಜರ್ಮನ್ ಮೂಲದ ವಿದ್ವಾಂಸರು 1970ರ ದಶಕದಲ್ಲಿ ಇವನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಆದರೆ ಆಟ ಅರಮನೆಯ ಬಾಗಿಲು ದಾಟಿದಂತೆ ಕಾಣುವುದಿಲ್ಲ. 360 ಎಲೆ ಜೋಡಿಸಿಕೊಂಡು ಕೂರಲು ಗದ್ದೆಗೆ ನೀರು ಕಟ್ಟಬೇಕಾದವನಿಗೆ ಬಿಡುವೆಲ್ಲಿ?

ಇಂದಿನ ವಿಡಿಯೋ ಗೇಮ್‌ಗಳ ಲೋಕದಲ್ಲೂ ಇದೇ ಸಂಕಟವಿದೆ. ನಿಂಟೆಂಡೊ ಕಂಪೆನಿ ‘ಸ್ಟಾರ್ ಫಾಕ್ಸ್ 2’ ಎಂಬ ಆಟವನ್ನು ಬಹುಪಾಲು ಮುಗಿಸಿ 1990ರ ದಶಕದ ನಡುವೆ ಕೈಬಿಟ್ಟಿತು. ಅದು ಅಧಿಕೃತವಾಗಿ ಜನರ ಕೈಗೆ ಬಂದದ್ದು 2017ರಲ್ಲಿ. 2014ರಲ್ಲಿ ಬಿಡುಗಡೆಯಾದ ‘ಪಿ.ಟಿ.’ಯನ್ನು ಕೊನಾಮಿ ಕಂಪೆನಿ ಮರುವರ್ಷವೇ ಅಂಗಡಿಯಿಂದ ಹಿಂತೆಗೆಯಿತು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಗ್ರಂಥಾಲಯಗಳು ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ತೆರೆದಿಡಲು ಕೇಳಿದ ಅನುಮತಿಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು. ಆದರೂ ಆ ಸಂಗ್ರಾಹಕರಿಂದ ನಾವು ಕಲಿಯಬೇಕಾದದ್ದೊಂದಿದೆ. ಡಬ್ಬಿ, ಚಿತ್ರ, ಜಾಹೀರಾತು ಸಿಕ್ಕಿದರೆ ಅವರಿಗೆ ಸಮಾಧಾನವಿಲ್ಲ. ಹಳೆಯ ಯಂತ್ರದಂತೆ ವರ್ತಿಸುವ ಎಮ್ಯುಲೇಟರ್ ಬರೆದಾದರೂ ಆಟವನ್ನು ಚಾಲೂ ಮಾಡಿ, ಆಡಿ ನೋಡುತ್ತಾರೆ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಮಮ್ಲೂಕರ ಕಾಲದ 47 ಸುಂದರ ಎಲೆಗಳಿವೆ. ಅವುಗಳಿಂದ ಏನು ಆಡುತ್ತಿದ್ದರೆಂಬುದು ಇಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ಎಮ್ಯುಲೇಟರ್ ಬರೆಯುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ಹಳ್ಳಿಗಳ ಜಗಲಿಯ ಮೇಲೆಯೇ ಇದೆ. ಚೌಕಾಬಾರಕ್ಕೆ ಮ್ಯೂಸಿಯಂ ಬೇಕಾಗಲಿಲ್ಲ. ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ, ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ, ಕಾಯಿಗೆ ಒಡೆದ ಬಳೆಚೂರು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಅಜ್ಜಿ ಮೊಮ್ಮಗಳಿಗೆ ಕಲಿಸಿದಳು, ಆಟ ಉಳಿಯಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಮಣೆಯಾಟಗಳನ್ನು ಹುಡುಕಿ, ಆಡಲು ಬರುವಂತೆ ಮತ್ತೆ ಮಾಡಿಸಿತು. ಸರಿಯಾದ ದಾರಿ ಅದು.

ಎಲೆ ಎಂದೊಡನೆ ಇಸ್ಪೀಟು, ಇಸ್ಪೀಟು ಎಂದೊಡನೆ ಜೂಜು ಎಂದು ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಜೂಜು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಪಣವಿಲ್ಲದ ಶತರಂಜ್ ಬಗ್ಗೆಯೇ ಫಿಕ್ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆಡದಿರಲು ಬಯಸುವವರು ಆಡದಿರಲಿ. ಆಟದ ನಿಯಮ ಬರೆದಿಡುವುದಕ್ಕೆ ಈ ಚರ್ಚೆ ಅಡ್ಡಿಯಾಗಬೇಕಿಲ್ಲ. ಫಾರ್ಸಿ, ಉರ್ದು ಬಲ್ಲ ನಮ್ಮವರು ಆ ಕೆಲಸಕ್ಕೆ ಬೇಕಾದವರು.

ಆಗಬೇಕಾದ್ದು ದೊಡ್ಡ ಖರ್ಚಿನದೂ ಅಲ್ಲ. ಮಾರಾಟವಾಗುವ ಪ್ರತಿ ಗಂಜೀಫಾ ಪೆಟ್ಟಿಗೆಯಲ್ಲಿ ಆಡುವ ಕ್ರಮವನ್ನು ಕನ್ನಡದಲ್ಲಿ ಅಚ್ಚುಹಾಕಿದ ಒಂದು ಹಾಳೆ, ಅದರಲ್ಲಿ ರಾಮನ ಪಕ್ಕದಲ್ಲಿ ಸುರ್ಖ್, ಕೃಷ್ಣನ ಪಕ್ಕದಲ್ಲಿ ಸಫೇದ್ ಎಂಬ ಹೆಸರು. ಶಾಲೆಗಳಿಗೆ ರಟ್ಟಿನ ಅಗ್ಗದ ಪ್ರತಿ ಸಾಕು. ಕೈಯಿಂದ ಬರೆದ ದುಬಾರಿ ಎಲೆಗಳು ಗೋಡೆಯ ಮೇಲೆಯೇ ಇರಲಿ.